ಮಾರಕ್ಕನ ದೋಣಿಗೆ ಸೋಫಾ

ನಾನು ಜನರನ್ನು ಅಳೆಯುವುದು ಹಿಂದುಗಡೆಯಿಂದ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಚಾಮರಾಜಪೇಟೆಯ ಕೊನೆಯಲ್ಲಿ, ಕಲಾಸಿಪಾಳ್ಯದ ಬಸ್ಸುಗಳ ಹೊಗೆ ಬಂದು ತಲುಪುವಷ್ಟು ಹತ್ತಿರ, ನನ್ನದೊಂದು ಕುಷನ್ ಅಂಗಡಿ ಇದೆ. ಆಟೋ ಸೀಟು, ಬಸ್ಸಿನ ಸೀಟು, ಕ್ಲಿನಿಕ್ಕಿನ ಬೆಂಚು, ಛತ್ರದಲ್ಲಿ ಮದುಮಕ್ಕಳು ಕೂರುವ ಸಿಂಹಾಸನ, ಎಲ್ಲವನ್ನೂ ಹೊಲಿದಿದ್ದೇನೆ. ಅಂಗಡಿಗೆ ಬಂದವರು ನನ್ನ ಸ್ಟೂಲಿನ ಮೇಲೆ ಕೂತರೆ ಸಾಕು, ಅವರು ಯಾರು ಎಂದು ಗೊತ್ತಾಗುತ್ತದೆ. ತುದಿಯಲ್ಲಿ ಕೂರುವವರು ಗುಮಾಸ್ತರು. ಕೂರುವ ಮೊದಲು ಕರವಸ್ತ್ರದಿಂದ ಒರೆಸುವವರು ಅಧಿಕಾರಿಗಳು. ರಾಮಾನುಜ ಅವರು ಒರೆಸಿದರು, ಆಮೇಲೆ ಕರವಸ್ತ್ರವನ್ನು ತಿರುಗಿಸಿ ನೋಡಿದರು, ಆಮೇಲೆ ಕೂರಲೇ ಇಲ್ಲ.

"ದೋಣಿಗೆ ಸೀಟು ಮಾಡಿದೀಯೇನಪ್ಪಾ?" ಅಂದರು.

"ಇಲ್ಲ ಸಾರ್. ಇಲ್ಲೀವರೆಗೂ ದೋಣಿಯೋರು ಯಾರೂ ಅಂಗಡಿಗೆ ಬಂದಿಲ್ಲ."

ಅವರು ನಗಲಿಲ್ಲ. ಬಸವನಗುಡಿಯವರು, ನಿವೃತ್ತರು, ಹೊಂಗೆಕೆರೆ ಹಿತರಕ್ಷಣಾ ಸಮಿತಿಯ ಅಧ್ಯಕ್ಷರು. ಜೊತೆಗೆ ಕಶ್ಯಪ್ ಎಂಬ ಚಿಗುರುಮೀಸೆಯ ಆರ್ಕಿಟೆಕ್ಟ್ ಇದ್ದ, ಸಮಿತಿಯ ಕಾರ್ಯದರ್ಶಿ. ಅವನು ಟ್ಯಾಬ್ ತೆರೆದು ಒಂದು ಫೋಟೋ ತೋರಿಸಿದ. ಹಸಿರು ಬಣ್ಣದ ಫೈಬರ್ ದೋಣಿ, ಒಂದು ಬದಿಯಲ್ಲಿ ನೀಲಿ ತೇಪೆ. ಆ ತೇಪೆ ಹಾಕಿದವನು ನಾನೇ. ದೋಣಿ ನನ್ನ ದೊಡ್ಡಮ್ಮ ಮಾರಕ್ಕನದು.

ನಾನು ಮುಖದಲ್ಲಿ ಏನೂ ತೋರಿಸಿಕೊಳ್ಳಲಿಲ್ಲ. ಸೀಟು ಹೊಲಿಯುವವರಿಗೆ ಇದು ಅಭ್ಯಾಸವಾಗಿರುತ್ತದೆ, ಬಾಯಲ್ಲಿ ಯಾವಾಗಲೂ ಮೊಳೆ ಕಚ್ಚಿಕೊಂಡಿರುತ್ತೇವಲ್ಲ.

"ಇದರ ಹಿಂಭಾಗದಲ್ಲಿ ಮೂರು ಜನ ಆರಾಮಾಗಿ ಕೂರೋ ಹಾಗೆ ಒಂದು ಸೋಫಾ ಬರಬೇಕು," ಅಂದ ಕಶ್ಯಪ್. "ಮರೂನ್ ಕಲರ್. ಹೆರಿಟೇಜ್ ಫೀಲ್ ಇರಬೇಕು."

"ಒರಗೋಕೆ ಎತ್ತರ ಇರಲಿ," ಅಂದರು ರಾಮಾನುಜ. "ಮೇಲೆ ಟವೆಲ್ ಹಾಕೋ ಹಾಗೆ."

ಬಿಳಿ ಟರ್ಕಿ ಟವೆಲ್. ನಮ್ಮ ಊರಿನಲ್ಲಿ ಕುರ್ಚಿಗೆ ಟವೆಲ್ ಹೊದಿಸಿದರೆ ಅದು ಹುದ್ದೆ, ಹೊದಿಸದಿದ್ದರೆ ಬರೀ ಪೀಠೋಪಕರಣ.

"ದೋಣಿ ಮೀನು ಹಿಡಿಯೋದಲ್ವಾ ಸಾರ್?" ಅಂದೆ, ಏನೂ ಗೊತ್ತಿಲ್ಲದವನ ಹಾಗೆ.

"ವಾರದಲ್ಲಿ ಆರು ದಿನ ಹಿಡ್ಕೊಳ್ಳಲಿ. ಭಾನುವಾರ ಹಿರಿಯ ನಾಗರಿಕರಿಗೆ ಕೆರೆ ವಿಹಾರ. ಆದರೆ ಸೀಟಿಗೆ ಮೀನು ಸೋಕಬಾರದು. ಅದು ಕಂಡೀಷನ್."

ಹೊಂಗೆಕೆರೆ ಚಾಮರಾಜಪೇಟೆಗೂ ಬಸವನಗುಡಿಗೂ ನಡುವೆ ಸಿಕ್ಕಿಕೊಂಡಿರುವ ಚಿಕ್ಕ ಕೆರೆ. ಅದರಲ್ಲಿ ಮೀನು ಸಾಕಿ ಹಿಡಿಯುವ ಪಾಸು ಮೊದಲು ದೊಡ್ಡಪ್ಪನ ಹೆಸರಿನಲ್ಲಿತ್ತು, ಅವರು ಹೋದ ಮೇಲೆ ಹದಿನೆಂಟು ವರ್ಷದಿಂದ ದೊಡ್ಡಮ್ಮನ ಹೆಸರಿನಲ್ಲಿದೆ. ಬೆಳಿಗ್ಗೆ ಐದಕ್ಕೆ ಬಲೆ ಎತ್ತುತ್ತಾಳೆ, ಎಂಟರ ಒಳಗೆ ಗೇಟಿನ ಹೊರಗೆ ಎಲ್ಲ ಮಾರಿ ಎದ್ದುಹೋಗುತ್ತಾಳೆ. ಪ್ರತಿ ವರ್ಷ ಪಾಸನ್ನು ಮೀನುಗಾರಿಕೆ ಇಲಾಖೆಯಲ್ಲಿ ಹೊಸದು ಮಾಡಿಸಬೇಕು. ಈ ವರ್ಷ ಅಲ್ಲಿ ಒಂದು ಹೊಸ ಕಾಗದ ಕೇಳಿದ್ದರು: ಕೆರೆಯ ಸಮಿತಿಯಿಂದ 'ನಮ್ಮ ಆಕ್ಷೇಪಣೆ ಇಲ್ಲ' ಎಂಬ ಪತ್ರ. ತನಗೆ ಇಂಥದೊಂದು ಅಧಿಕಾರ ಇದೆ ಎಂದು ಸಮಿತಿಗೆ ಗೊತ್ತಾದದ್ದು ದೊಡ್ಡಮ್ಮ ಪತ್ರ ಕೇಳಲು ಹೋದ ದಿನವೇ. ಗೊತ್ತಾದ ಮೇಲೆ ಅವರು ತಡಮಾಡಲಿಲ್ಲ. ಮೊದಲು ಸೀಟು, ಆಮೇಲೆ ಸೈನು.

ಸಂಜೆ ದೊಡ್ಡಮ್ಮನ ಮನೆಗೆ ಹೋದೆ. ಬಲೆಯ ಹರುಕು ಹೊಲಿಯುತ್ತಾ ಕೂತಿದ್ದಳು.

"ನಾನು ಮಾಡಲ್ಲ ಅಂದ್ಬಿಡ್ತೀನಿ," ಅಂದೆ.

"ಯಾಕೆ? ನೀನೇ ಮಾಡು. ಬೇರೆಯೋನು ಬಂದರೆ ದೋಣಿಗೆ ಎಲ್ಲೆಂದ್ರಲ್ಲಿ ತೂತು ಕೊರೀತಾನೆ. ಆಮೇಲೆ ನಾನು ಬೊಗಸೇಲಿ ನೀರು ಮೊಗೀತಾ ಕೂತ್ಕೊಬೇಕು."

"ಹಿಂದೆ ಸೋಫಾ ಬಂದರೆ ನೀನೆಲ್ಲಿ ನಿಂತ್ಕೊಳ್ತೀಯ? ಬಲೆ ಎಲ್ಲಿಂದ ಬಿಡ್ತೀಯ?"

ಅವಳು ದಾರವನ್ನು ಹಲ್ಲಲ್ಲಿ ಕಡಿದಳು. "ಅದನ್ನ ಅವರಿಗೆ ಹೇಳೋಣ. ಓದಿದೋರು, ಅರ್ಥ ಆಗುತ್ತೆ."

ದೊಡ್ಡಮ್ಮ ಅರವತ್ತೊಂದು ವರ್ಷ ಬದುಕಿದ್ದರೂ ಕೆಲವು ವಿಷಯಗಳಲ್ಲಿ ಇನ್ನೂ ಮಗು.

ಅಳತೆ ತೆಗೆಯಲು ಕೆರೆಗೆ ಹೋದ ದಿನ ಅವಳು ಹೇಳಿದಳು. ಕೈಯಲ್ಲಿ ಉದ್ದದ ಬಿದಿರಿನ ಗಳ ಹಿಡಿದುಕೊಂಡು, ನೀರಿನ ಅಂಚಿನಲ್ಲಿ ನಿಂತು, ಒಂದನೇ ಕ್ಲಾಸಿನ ಮಕ್ಕಳಿಗೆ ಹೇಳುವಷ್ಟು ನಿಧಾನವಾಗಿ ಹೇಳಿದಳು. "ನೋಡಿ ಸ್ವಾಮಿ, ಈ ದೋಣಿಗೆ ಇಂಜಿನ್ನಿಲ್ಲ. ಗಳ ನೆಲಕ್ಕೆ ಊರಿ ತಳ್ಳಬೇಕು. ತಳ್ಳೋರು ಹಿಂದೆ ನಿಲ್ಲಬೇಕು. ಮುಂದೆ ನಿಂತು ತಳ್ಳಿದರೆ ಇದು ಗಾಣದೆತ್ತಿನ ಹಾಗೆ ತಿರುಗುತ್ತೆ. ಬಲೇನೂ ಅಷ್ಟೇ, ಹಿಂದಿನಿಂದಲೇ ಬಿಡೋದು. ಸೀಟು ಮುಂದೆ ಹಾಕ್ಕೊಳ್ಳಿ. ಗಾಳಿ ಚೆನ್ನಾಗಿ ಬರುತ್ತೆ, ಕೆರೆಯೆಲ್ಲಾ ಕಾಣ್ಸುತ್ತೆ."

ರಾಮಾನುಜ ಅವರು ತಾಳ್ಮೆಯಿಂದ ಕೇಳಿದರು. ಬೇರೆಯವರು ಮುಗಿಸುವವರೆಗೆ ಕಾಯುವುದನ್ನು ಅವರು ಕೇಳಿಸಿಕೊಳ್ಳುವುದು ಎಂದು ತಿಳಿದಿದ್ದರು.

"ನೋಡಮ್ಮ, ಕಾರಲ್ಲಿ ಡ್ರೈವರ್ ಎಲ್ಲಿ ಕೂರ್ತಾನೆ?"

"ನಾನು ಕಾರಲ್ಲಿ ಕೂತಿಲ್ಲ ಸ್ವಾಮಿ."

"ಮುಂದೆ ಕೂರ್ತಾನೆ. ಸಾಹೇಬರು?"

"ಹಿಂದೆ ಇರಬೇಕು."

"ಆಟೋದಲ್ಲಿ?"

"ಹಿಂದೆ."

"ಜಟಕಾದಲ್ಲಿ? ನಮ್ಮ ತಾತ ಜಟಕಾದಲ್ಲಿ ಹೋಗ್ತಿದ್ದರು. ಅವರೂ ಹಿಂದೆ. ದೊಡ್ಡೋರು ಹಿಂದೆ ಕೂರೋದು ಒಂದು ಪದ್ಧತಿ. ಉದ್ಘಾಟನೆಗೆ ವೃಷಭೇಂದ್ರಪ್ಪನವರು ಬರ್ತಿದಾರೆ, ನೀರಾವರಿಯಲ್ಲಿ ಚೀಫ್ ಇಂಜಿನಿಯರ್ ಆಗಿ ರಿಟೈರ್ ಆದೋರು. ಅಂಥೋರನ್ನ ಕರೆದು ಕ್ಲೀನರ್ ಥರ ಮುಂದೆ ಕೂರಿಸಕ್ಕಾಗುತ್ತಾ?"

ಕಶ್ಯಪ್ ಕೆಮ್ಮಿದ. "ಸಾರ್, ವೆನಿಸ್‌ನಲ್ಲಿ ದೋಣಿಯೋನು ಹಿಂದೇನೇ ನಿಲ್ಲೋದು."

"ಅದು ವೆನಿಸ್ಸು. ಇದು ಬಸವನಗುಡಿ."

ದೊಡ್ಡಮ್ಮ ನನ್ನ ಮುಖ ನೋಡಿದಳು. ನಾನು ಟೇಪಿನ ಮುಖ ನೋಡಿದೆ. ದೋಣಿ ಹದಿನಾರು ಅಡಿ ಉದ್ದ, ಐದಡಿ ಅಗಲ, ಚಪ್ಪಟೆ ತಳ. ಅದರ ಎರಡು ತುದಿಗಳೂ ಒಂದೇ ಥರ ಮೊಂಡಾಗಿದ್ದವು. ಬಲೆ ಸಿಕ್ಕಿಸಲು ದೊಡ್ಡಪ್ಪ ನೆಟ್ಟಿದ್ದ ನಾಲ್ಕು ಮರದ ಗೂಟಗಳು ಒಂದು ತುದಿಯಲ್ಲಿದ್ದವು, ಅವಳು ಅಲ್ಲೇ ನಿಲ್ಲುತ್ತಿದ್ದಳು, ಅದಕ್ಕೇ ಅದು ಹಿಂಭಾಗ. ಬೇರೆ ಯಾವ ಗುರುತೂ ಇರಲಿಲ್ಲ.

"ಮತ್ತೆ ಇನ್ನೊಂದು," ಅಂದರು ರಾಮಾನುಜ. "ಸೀಟು ಬಿಚ್ಚಿ ತೆಗೆಯೋ ಹಾಗಿರಬಾರದು. ಬೋಲ್ಟ್ ಹಾಕಿ ಕೂರಿಸು. ಇಲ್ಲಾಂದ್ರೆ ಇವರು ಸೋಮವಾರ ಅದನ್ನ ಮನೆಗೆ ತಗೊಂಡ್ಹೋಗಿ ಟೀವಿ ಮುಂದೆ ಹಾಕ್ಕೊಂಡಿರ್ತಾರೆ."

ದೊಡ್ಡಮ್ಮನ ಮನೆಯಲ್ಲಿ ಸೋಫಾ ಹಾಕುವಷ್ಟು ಜಾಗ ಇಲ್ಲ. ಹಾಗಂತ ಹೇಳಲು ಅವಳಿಗೆ ಇಷ್ಟವಾಗಲಿಲ್ಲ.

ಒಳ್ಳೆಯ ಸೀಟನ್ನೇ ಮಾಡಿದೆ. ನನಗೆ ಕೆಟ್ಟ ಸೀಟು ಮಾಡಲು ಬರುವುದಿಲ್ಲ, ಪ್ರಯತ್ನಪಟ್ಟರೂ ಹೊಲಿಗೆ ನೇರವಾಗಿಯೇ ಹೋಗುತ್ತದೆ. ನೀರಿಗೆ ಹೆದರದ ಪ್ಲೈವುಡ್ಡು, ನಾಲ್ಕು ಇಂಚಿನ ಗಟ್ಟಿ ಫೋಮು, ಮರೂನ್ ರೆಕ್ಸಿನ್ನು, ಬೆನ್ನಿಗೆ ಗುಂಡಿ ಹೊಲಿಗೆ. ಬಸ್ಸಿನ ಸೀಟಿನ ಹಾಗೆ ನಾಲ್ಕು ಬೋಲ್ಟು, ಪ್ರತಿಯೊಂದಕ್ಕೂ ರಬ್ಬರ್ ವಾಶರ್. ಕೂರಿಸುವ ಮುನ್ನ ದೊಡ್ಡಪ್ಪನ ನಾಲ್ಕು ಗೂಟ ಕಿತ್ತೆ. ಅವನ್ನು ಏನು ಮಾಡುವುದು ಎಂದು ಯಾರೂ ಹೇಳಿರಲಿಲ್ಲ. ದೋಣಿಯ ಇನ್ನೊಂದು ತುದಿಯಲ್ಲಿ, ಅದೇ ಅಂತರದಲ್ಲಿ, ನೆಟ್ಟೆ.

ಕಶ್ಯಪ್ ನೋಡಿದ. "ಇದ್ಯಾಕೆ?"

"ಬ್ಯಾಲೆನ್ಸಿಗೆ ಸಾರ್."

"ಓ, ನೈಸ್," ಅಂದ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಉದ್ಘಾಟನೆ. ಕೆರೆಯ ಸುತ್ತ ಸಮಿತಿ ನೆಟ್ಟಿರುವ ಬೋರ್ಡಿನಲ್ಲಿ ಹನ್ನೊಂದು ನಿಷೇಧಗಳಿವೆ, ಮೂರನೆಯದು ಪ್ಲಾಸ್ಟಿಕ್, ನಾಲ್ಕನೆಯದು ಫ್ಲೆಕ್ಸ್. ಆ ಬೋರ್ಡನ್ನು ಪೂರ್ತಿ ಮುಚ್ಚುವ ಹಾಗೆ ಎಂಟಡಿಯ ಒಂದು ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಎಡಕ್ಕೆ ರಾಮಾನುಜ, ಬಲಕ್ಕೆ ವೃಷಭೇಂದ್ರಪ್ಪ, ಇಬ್ಬರೂ ಹಲ್ಲು ಬಿಟ್ಟು ನಗುತ್ತಿದ್ದರು, ನಡುವೆ ಒಂದು ಹಂಸ ಈಜುತ್ತಿತ್ತು. ಹೊಂಗೆಕೆರೆಯಲ್ಲಿ ಹಂಸ ಇಲ್ಲ. ಪಕ್ಕದಲ್ಲಿ ಕಾಫಿ. ಪರಿಸರದ ದೃಷ್ಟಿಯಿಂದ ಎಲ್ಲರಿಗೂ ಸ್ಟೀಲ್ ಲೋಟ. ದೊಡ್ಡಮ್ಮನಿಗೆ ಮತ್ತು ನನಗೆ ಮಾತ್ರ, ಎಲ್ಲಿಂದಲೋ ಹುಡುಕಿ, ಎರಡು ಪೇಪರ್ ಕಪ್ಪು ತಂದರು.

ದೊಡ್ಡಮ್ಮ ಹೊಸ ಸೀರೆ ಉಟ್ಟಿದ್ದಳು. ರಾಮಾನುಜ ಅವರ ಹತ್ತಿರ ಹೋಗಿ ಕೇಳಿದಳು. "ಸ್ವಾಮಿ, ಆ ಪತ್ರ?"

"ತಂದಿದೀನಿ. ಟೈಪ್ ಆಗಿದೆ. ಇವತ್ತು ವಿಹಾರ ಹೇಗಾಗುತ್ತೆ ನೋಡೋಣ. ಎಲ್ಲ ಸರಿಹೋದರೆ ವೇದಿಕೆ ಮೇಲೆ, ಫೋಟೋ ತೆಗೆಯುವಾಗ, ಸೈನ್ ಹಾಕಿ ಕೊಡ್ತೀನಿ."

"ನಾಳೆ ಕೊನೇ ದಿನ ಸ್ವಾಮಿ. ನಾಳೆ ಇಲಾಖೇಲಿ ಕೊಡದಿದ್ರೆ ಪಾಸು ಹೋಗುತ್ತೆ."

"ಅದಕ್ಕೇ ಹೇಳಿದ್ದು, ಚೆನ್ನಾಗಿ ನಡೆಸು ಅಂತ."

ಪತ್ರ ಇದ್ದದ್ದು ಅವರ ಹೆಂಡತಿ ಜಾನಕಮ್ಮನವರ ಬಟ್ಟೆಯ ಚೀಲದಲ್ಲಿ. ಆ ಚೀಲದಲ್ಲಿ ಸನ್ಮಾನದ ಶಾಲು, ಕಾಫಿ ಫ್ಲಾಸ್ಕು, ರಾಮಾನುಜರ ಮಾತ್ರೆ, ಕನ್ನಡಕ, ಭಾಷಣದ ಚೀಟಿ, ಟವೆಲ್ಲು ಎಲ್ಲ ಇದ್ದವು. ಜಾನಕಮ್ಮ ಸಣಕಲು ಹೆಂಗಸು. ಗಂಡನ ಅರ್ಧ ಜೀವನವನ್ನು ಹೆಗಲಿಗೆ ಹಾಕಿಕೊಂಡು ಅವರಿಗಿಂತ ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದರು.

ವೃಷಭೇಂದ್ರಪ್ಪನವರು ಕಾರಿನ ಹಿಂದಿನ ಸೀಟಿನಿಂದ ಇಳಿದರು. ಇಳಿಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ನೋಡಿದ ಕೂಡಲೇ ನನ್ನ ಅಳತೆ ತಪ್ಪಿದೆ ಎಂದು ಗೊತ್ತಾಯಿತು. ನಾನು ಮೂವರಿಗೆಂದು ಮಾಡಿದ್ದ ಸೀಟು, ಅವರು ಸುಮಾರು ಎರಡು ಜನ. ಕಶ್ಯಪ್ ತರಿಸಿದ್ದ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟಿನ ಬಕಲ್ಲು ಅವರ ಹೊಟ್ಟೆಯ ಎರಡು ದಂಡೆಗಳಲ್ಲಿ ಒಂದನ್ನೊಂದು ನೋಡುತ್ತಾ ಉಳಿಯಿತು.

ನಡುವೆ ವೃಷಭೇಂದ್ರಪ್ಪ, ಎಡಕ್ಕೆ ರಾಮಾನುಜ, ಬಲಕ್ಕೆ ಚೀಲದೊಂದಿಗೆ ಜಾನಕಮ್ಮ. ಬೆನ್ನಿಗೆ ಬಿಳಿ ಟವೆಲ್ಲು. ಸೀಟಿಗೆ ಏನಾದರೂ ಆದರೆ ಇರಲಿ ಎಂದು ನನ್ನನ್ನೂ ಹತ್ತಿಸಿಕೊಂಡರು. ನಾನು ಸ್ಪ್ಯಾನರ್ ಹಿಡಿದು ದೋಣಿಯ ನಡುವೆ ಕುಕ್ಕರುಗಾಲಲ್ಲಿ ಕೂತೆ. ದೊಡ್ಡಮ್ಮ ಹೇಳಿದ ಹಾಗೆ ಮುಂದೆ ಹೋಗಿ ನಿಂತಳು. ದಂಡೆಯಲ್ಲಿ ನಾದಸ್ವರ ಶುರುವಾಯಿತು.

ದೋಣಿ ದಂಡೆ ಬಿಟ್ಟ ತಕ್ಷಣ ಹಿಂಭಾಗ ಕೆಳಗೆ ಹೋಯಿತು, ಮುಂಭಾಗ ಮೇಲೆ ಬಂತು. ನಿಧಾನವಾಗಿ, ಮರ್ಯಾದೆಯಿಂದ ಬಂತು. ಮೂವರು ಗಣ್ಯರು ನೀರಿನ ಮಟ್ಟಕ್ಕಿಳಿದರು. ಅವರ ಎದುರಿಗೆ ದೊಡ್ಡಮ್ಮ ಮೇಲೇರುತ್ತಾ ಏರುತ್ತಾ, ಯಾರೋ ಅವಳಿಗೆ ವೇದಿಕೆ ಹಾಕಿಕೊಟ್ಟ ಹಾಗೆ, ಆಕಾಶದ ಎದುರು ಗಳ ಹಿಡಿದು ನಿಂತಳು. ವೃಷಭೇಂದ್ರಪ್ಪನವರು ಕತ್ತು ಎತ್ತಿ ಅವಳನ್ನು ನೋಡಬೇಕಾಯಿತು.

"ಇದು ಹೀಗೇನಾ ಇರೋದು?" ಅಂದರು.

"ಶುರುವಿನಲ್ಲಿ ಸ್ವಲ್ಪ ಹೀಗಿರುತ್ತೆ ಸಾರ್," ಅಂದರು ರಾಮಾನುಜ. ಅವರು ಅಲ್ಲಿಯವರೆಗೂ ಯಾವ ದೋಣಿಯನ್ನೂ ಹತ್ತಿರಲಿಲ್ಲ.

ದೊಡ್ಡಮ್ಮ ಗಳ ಊರಿ ತಳ್ಳಿದಳು. ಐವತ್ತು ಗಜದಷ್ಟು ಹೇಗೋ ಹೋದೆವು, ಆಮೇಲೆ ದೋಣಿ ಎಡಕ್ಕೆ ತಿರುಗಿತು. ಬಲಕ್ಕೆ ಊರಿದಳು, ಬಲಕ್ಕೆ ತಿರುಗಿತು. ಜೋರಾಗಿ ಊರಿದಳು, ಒಂದು ಸುತ್ತು ಪೂರ್ತಿ ತಿರುಗಿತು. ಕೆರೆಯ ನಡುವೆ, ನಾದಸ್ವರದ ತಾಳಕ್ಕೆ, ಸಮಿತಿಯ ಅಧ್ಯಕ್ಷರೂ ಮುಖ್ಯ ಅತಿಥಿಗಳೂ ಒಮ್ಮೆ ಬಸವನಗುಡಿಯ ಕಡೆ ನೋಡಿದರು, ಒಮ್ಮೆ ಚಾಮರಾಜಪೇಟೆಯ ಕಡೆ ನೋಡಿದರು, ಮತ್ತೆ ಬಸವನಗುಡಿ ಬಂತು. ದಂಡೆಯಲ್ಲಿದ್ದವರು ಇದೂ ಕಾರ್ಯಕ್ರಮದ ಭಾಗವೆಂದು ಚಪ್ಪಾಳೆ ತಟ್ಟಿದರು. ಪ್ರತಿ ಸುತ್ತಿಗೂ ಹಿಂದಿನ ಅಂಚಿನ ಮೇಲಿಂದ ಒಂದಿಷ್ಟು ನೀರು ಒಳಗೆ ಬಂದು ಬೂಟಿನ ಸುತ್ತ ನಿಲ್ಲುತ್ತಿತ್ತು.

"ಈ ಹೆಂಗಸಿಗೆ ದೋಣಿ ನಡೆಸೋಕೇ ಬರಲ್ವಲ್ರೀ!" ಅಂದರು ವೃಷಭೇಂದ್ರಪ್ಪ.

ರಾಮಾನುಜರ ಕಿವಿ ಕೆಂಪಾಯಿತು. "ಹದಿನೆಂಟು ವರ್ಷದಿಂದ ಪಾಸು ಬೇರೆ! ಇದನ್ನ ನಾನು ಪುನರ್ ಪರಿಶೀಲನೆ ಮಾಡಬೇಕಾಗುತ್ತೆ. ಇವತ್ತು ಸೈನ್ ಅಂತೂ ಆಗಲ್ಲ."

ದೊಡ್ಡಮ್ಮ ತಳ್ಳುವುದನ್ನು ನಿಲ್ಲಿಸಿದಳು. ಅವಳ ಮುಖದಲ್ಲಿ ಸಿಟ್ಟು ಬರಬಹುದು ಎಂದುಕೊಂಡೆ. ಬರಲಿಲ್ಲ. ಮೀನು ಬಲೆಗೆ ಬಿತ್ತೋ ಇಲ್ಲವೋ ಎಂದು ಹಗ್ಗ ಮುಟ್ಟಿ ನೋಡುವಾಗ ಇರುತ್ತದಲ್ಲ, ಆ ಮುಖ ಬಂತು.

"ಸ್ವಾಮಿ, ಹಿಂದೆ ಭಾರ ಜಾಸ್ತಿ ಆಗಿದೆ. ನೀರು ಬರ್ತಿದೆ. ಯಾರಾದರೂ ಒಬ್ಬರು ಮುಂದಕ್ಕೆ ಬನ್ನಿ."

"ನೀನು ಹೋಗಪ್ಪಾ," ಅಂದರು ರಾಮಾನುಜ ನನಗೆ.

ಹೋದೆ. ನನ್ನ ತೂಕ ಐವತ್ತೊಂದು ಕೆಜಿ. ದೋಣಿಗೆ ಗೊತ್ತೂ ಆಗಲಿಲ್ಲ.

"ಇವನು ಬಂದರೂ ಒಂದೇ, ಬರದಿದ್ದರೂ ಒಂದೇ," ಅಂದಳು ದೊಡ್ಡಮ್ಮ. "ಸೀಟಿಂದ ಒಬ್ಬರು ಏಳಬೇಕು."

ಈಗ ಪದ್ಧತಿಯ ಪ್ರಶ್ನೆ ಬಂತು. ಮುಖ್ಯ ಅತಿಥಿಗಳು ಎದ್ದರೆ ಅದು ಸಮಿತಿಗೆ ಅವಮಾನ. ಅಧ್ಯಕ್ಷರು ಎದ್ದುಹೋಗಿ ಗಳ ಹಿಡಿದವಳ ಕಾಲ ಬಳಿ, ಮೀನಿನ ಬುಟ್ಟಿ ಇಡುವ ನೆಲದಲ್ಲಿ ಕೂತರೆ ಅದು ಅಧ್ಯಕ್ಷ ಸ್ಥಾನಕ್ಕೆ ಅವಮಾನ. ದಂಡೆಯಲ್ಲಿ ಕ್ಯಾಮೆರಾ ಬೇರೆ ಇತ್ತು.

"ನೀವು ಹಗುರ ಇದೀರಿ ರಾಮಾನುಜ, ನೀವು ಹೋಗಿ."

"ನಾನು ಹೋಗಬಹುದು ಸಾರ್, ಆದರೆ ನಿಮ್ಮನ್ನ ಒಬ್ಬರನ್ನೇ ಬಿಟ್ಟು ಹೇಗೆ..."

"ಒಬ್ಬನೇ ಇರಕ್ಕೆ ನನಗೇನು ತೊಂದರೆ ಇಲ್ಲ."

"ಹಾಗಲ್ಲ ಸಾರ್, ನೋಡೋರು ಏನನ್ಕೋತಾರೆ..."

ನೀರು ಟವೆಲಿನ ತುದಿ ಮುಟ್ಟಿತು. ಜಾನಕಮ್ಮ ಎದ್ದರು. ಯಾರನ್ನೂ ಕೇಳಲಿಲ್ಲ. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು, ದೋಣಿಯ ನಡುವೆ ನಾಲ್ಕು ಹೆಜ್ಜೆ ನಡೆದು ಬಂದು, ದೊಡ್ಡಮ್ಮನ ಪಕ್ಕ ಬಲೆಯ ರಾಶಿಯ ಮೇಲೆ ಕೂತರು. ದೋಣಿ ಸ್ವಲ್ಪ ಸಮವಾಯಿತು.

"ಜಾನಕಿ! ಅದು ಮೀನಿನ ಬಲೆ!"

"ಒಣಗಿದೆ ರೀ," ಅಂದರು ಅವರು. ಆಮೇಲೆ ಸುತ್ತ ನೋಡಿ, "ಇಲ್ಲಿಂದ ಎಲ್ಲಾ ಕಾಣುತ್ತೆ," ಅಂದರು.

ದೊಡ್ಡಮ್ಮ ಚೀಲದ ಕಡೆ ನೋಡಿದಳು. "ಕಾಗದ ಇದರಲ್ಲೇ ಇದ್ಯಾ ಅಮ್ಮಾ? ನೆನೆದುಹೋದೀತು."

"ಇಲ್ಲೇ ಇದೆ, ಪ್ಲಾಸ್ಟಿಕ್ ಕವರಲ್ಲಿ ಹಾಕಿದೀನಿ." ಮೂರನೇ ನಿಷೇಧ. "ಸೈನ್ ಆಗಿಲ್ಲ, ಅಷ್ಟೇ."

ದೊಡ್ಡಮ್ಮ ಗಳವನ್ನು ಕೆಸರಿಗೆ ಊರಿದಳು. ಊರಿ, ಅದಕ್ಕೊರಗಿ ನಿಂತಳು, ಬಸ್ಸಿಗೆ ಕಾಯುವವಳ ಹಾಗೆ. ದೋಣಿ ಅಲ್ಲಾಡದೆ ನಿಂತಿತು. ದಂಡೆಯಲ್ಲಿ ನಾದಸ್ವರದವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು. ಒಮ್ಮೆಲೇ ನೀರಿನ ಸದ್ದು ಮಾತ್ರ ಕೇಳತೊಡಗಿತು, ಹಿಂದಿನ ಅಂಚಿನಿಂದ ಒಳಕ್ಕೆ, ಗುಳುಗುಳು.

"ಯಾಕೆ ನಿಲ್ಲಿಸಿದೆ?" ಅಂದರು ರಾಮಾನುಜ.

"ನನಗೆ ದೋಣಿ ನಡೆಸೋಕೆ ಬರಲ್ಲ ಅಂದ್ರಲ್ಲ ಸ್ವಾಮಿ. ನಾಳೆಯಿಂದ ಪಾಸೂ ಇರಲ್ಲ. ಪಾಸಿಲ್ಲದೋಳು ಕೆರೇಲಿ ದೋಣಿ ನಡೆಸಬಾರದು ಅಂತ ನಿಮ್ಮ ಬೋರ್ಡಲ್ಲೇ ಬರೆದಿದೆ. ಒಂಬತ್ತನೇದು."

"ಇಲ್ಲಿ ಎಷ್ಟು ಆಳ ಇದೆ?" ಅಂದರು ವೃಷಭೇಂದ್ರಪ್ಪ. ಮೂವತ್ತೈದು ವರ್ಷ ನೀರಾವರಿಯಲ್ಲಿದ್ದವರು.

ದೊಡ್ಡಮ್ಮ ನೀರನ್ನು ಒಮ್ಮೆ ನೋಡಿದಳು. "ನಮ್ಮ ಯಜಮಾನರು ಇದರ ತಳದ ಬಗ್ಗೆ ಮಾತೇ ಆಡ್ತಿರಲಿಲ್ಲ ಸ್ವಾಮಿ."

ಇದು ನಿಜ. ದೊಡ್ಡಪ್ಪ ಯಾವುದರ ಬಗ್ಗೆಯೂ ಮಾತಾಡುತ್ತಿರಲಿಲ್ಲ.

"ರಾಮಾನುಜ, ಸೈನ್ ಹಾಕ್ರೀ," ಅಂದರು ವೃಷಭೇಂದ್ರಪ್ಪ.

"ಸಾರ್, ಇದು ಒಂಥರಾ ಒತ್ತಡ ಆಗುತ್ತೆ. ಪ್ರೊಸೀಜರ್ ಪ್ರಕಾರ..."

"ನನ್ನ ಪೆನ್ ತಗೊಳ್ರೀ!"

ಜಾನಕಮ್ಮ ಪ್ಲಾಸ್ಟಿಕ್ ಕವರಿನಿಂದ ಕಾಗದ ತೆಗೆದು ನನಗೆ ಕೊಟ್ಟರು. ನಾನು ಬಗ್ಗಿಕೊಂಡು ಹೋಗಿ ರಾಮಾನುಜರಿಗೆ ಕೊಟ್ಟೆ. ಬರೆಯಲು ಗಟ್ಟಿಯಾದ ಜಾಗ ಬೇಕಿತ್ತು. ನಾನು ಹೊಲಿದ ಸೀಟು ಮೆತ್ತಗಿತ್ತು, ಪೆನ್ನು ಚುಚ್ಚುತ್ತಿತ್ತು. ಕೊನೆಗೆ ವೃಷಭೇಂದ್ರಪ್ಪನವರೇ ತಿರುಗಿ ಬೆನ್ನು ಕೊಟ್ಟರು. ಕಿತ್ತಳೆ ಜಾಕೆಟ್ಟಿನ ಮೇಲೆ ಕಾಗದ ಇಟ್ಟುಕೊಂಡು ಅಧ್ಯಕ್ಷರು ಸಹಿ ಮಾಡಿದರು. ಸಾಕ್ಷಿಯ ಜಾಗ ಖಾಲಿ ಇತ್ತು. "ಇಲ್ಲಿ ನಾನು ಹಾಕ್ತೀನಿ," ಅಂದರು ಜಾನಕಮ್ಮ. ನಲವತ್ತು ವರ್ಷದಿಂದ ಗಂಡನ ಜೊತೆ ಇದ್ದರೂ ಅವರು ಯಾವುದಕ್ಕೂ ಸಾಕ್ಷಿ ಹಾಕಿರಲಿಲ್ಲವಂತೆ. ಹಾಕಿ, ಕಾಗದವನ್ನು ಮತ್ತೆ ಕವರಿನಲ್ಲಿಟ್ಟು, ದೊಡ್ಡಮ್ಮನ ಕೈಗೆ ಕೊಟ್ಟರು. ದೊಡ್ಡಮ್ಮ ಅದನ್ನು ರವಿಕೆಯೊಳಗೆ ಸೇರಿಸಿಕೊಂಡಳು.

ಆಮೇಲೆ ಗಳ ಕಿತ್ತು, ತಾನು ನಿಂತಲ್ಲೇ ನಿಂತು, ಬರೀ ಮುಖ ತಿರುಗಿಸಿ, ಸೋಫಾ ಇದ್ದ ದಿಕ್ಕಿಗೆ ತಳ್ಳಿದಳು. ದೋಣಿ ಬಾಣದ ಹಾಗೆ ಹೊರಟಿತು. ನೀರು ಒಳಗೆ ಬರುವುದು ನಿಲ್ಲಲಿಲ್ಲ, ಆದರೆ ಅದು ತುಂಬುವ ಮೊದಲೇ ದಂಡೆ ಬರುತ್ತದೆ ಎಂದು ಎಲ್ಲರಿಗೂ ಕಾಣುತ್ತಿತ್ತು.

"ಈಗ ಸರಿಯಾಗಿ ಹೋಗ್ತಿದೆಯಲ್ಲಾ?" ಅಂದರು ವೃಷಭೇಂದ್ರಪ್ಪ.

"ಈಗ ನಾನು ಹಿಂದೆ ಇದೀನಲ್ಲ ಸ್ವಾಮಿ."

ರಾಮಾನುಜ ಆ ಕಡೆ ಈ ಕಡೆ ನೋಡಿದರು. ಬೆನ್ನ ಹಿಂದೆ, ದೋಣಿ ಹೋಗುತ್ತಿದ್ದ ಕಡೆ, ನೀರು, ದಂಡೆ, ಕ್ಯಾಮೆರಾ. ಎದುರಿಗೆ, ಎತ್ತರದಲ್ಲಿ ಮಾರಕ್ಕ, ಅವಳ ಪಕ್ಕ ಬಲೆಯ ರಾಶಿಯ ಮೇಲೆ ಅವರ ಧರ್ಮಪತ್ನಿ.

"ಅಂದ್ರೆ..." ಅಂದರು ನಿಧಾನವಾಗಿ. "ನಾವು ಮುಂದೆ ಕೂತಿದೀವಾ?"

ಹೀಗೆ ಕೆರೆಯ ನಡುವೆ, ಎಪ್ಪತ್ತೆರಡನೇ ವಯಸ್ಸಿನಲ್ಲಿ, ಅವರು ಮೊದಲ ಬಾರಿಗೆ ಡ್ರೈವರ್ ಸೀಟಿಗೆ ಬಂದರು.

ದಂಡೆ ಮುಟ್ಟಲು ಹತ್ತು ಗಜ ಇದ್ದಾಗ ದೊಡ್ಡಮ್ಮನ ಪರಿಚಯದ ನಾಯಿಯೊಂದು ನೀರಿಗಿಳಿದು ನಮ್ಮ ಕಡೆ ನಡೆದುಕೊಂಡು ಬಂತು. ಈಜಲಿಲ್ಲ, ನಡೆಯಿತು. ವೃಷಭೇಂದ್ರಪ್ಪನವರು ಹಿಂದಕ್ಕೆ ತಿರುಗಿ ಅದನ್ನೇ ದಿಟ್ಟಿಸಿ ನೋಡಿದರು. ಕೆರೆಯ ನಡುವೆಯೂ ನೀರು ಸೊಂಟದಿಂದ ಮೇಲಕ್ಕೆ ಬರುವುದಿಲ್ಲ. ಅವರು ಇದನ್ನು ಲೆಕ್ಕ ಹಾಕುತ್ತಿದ್ದರೋ ಏನೋ. ಹಾಕಿದ್ದರೂ ಬಾಯಿಬಿಟ್ಟು ಹೇಳುವ ಸ್ಥಿತಿಯಲ್ಲಿರಲಿಲ್ಲ.

ವೇದಿಕೆಯ ಮೇಲೆ ಭಾಷಣಗಳಾದವು. ಸಂಪ್ರದಾಯ ಮತ್ತು ಆಧುನಿಕತೆಯ ಸಂಗಮ ಎಂದು ಕಶ್ಯಪ್ ಹೇಳಿದ. ಮುಖ್ಯ ಅತಿಥಿಗಳ ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು, ಹಾಗಾಗಿ ಶಾಲನ್ನು ಹೆಗಲಿಗೆ ಹೊದಿಸುವ ಬದಲು ಅವರು ಕೇಳಿ ಇಸಕೊಂಡು ತೊಡೆಯ ಮೇಲೆ ಹಾಕಿಕೊಂಡರು. ಮರುದಿನ ಸಮಿತಿಯ ಗ್ರೂಪಿನಲ್ಲಿ ಬಂದ ಫೋಟೋದಲ್ಲಿ ಕಶ್ಯಪ್ ದೊಡ್ಡಮ್ಮನನ್ನು ಕತ್ತರಿಸಿದ್ದ. ಪಕ್ಕದಲ್ಲೇ ಇದ್ದದ್ದರಿಂದ ಜಾನಕಮ್ಮನೂ ಹೋದರು. ಇಬ್ಬರು ಗಂಡಸರು ಸೋಫಾದ ಮೇಲೆ ಕೂತು ಯಾರೂ ನಡೆಸದ ದೋಣಿಯಲ್ಲಿ ನೀರಿನ ಮೇಲೆ ಸಾಗುತ್ತಿದ್ದರು, ಅವರವರ ಘನತೆಯ ಬಲದಿಂದಲೇ.

ಅಷ್ಟು ಹೊತ್ತಿಗೆ ದೊಡ್ಡಮ್ಮ ಇಲಾಖೆಯಲ್ಲಿ ಕಾಗದ ಕೊಟ್ಟು, ಸೀಲು ಹಾಕಿಸಿಕೊಂಡು, ಪಾಸು ತಗೊಂಡು ಬಂದಿದ್ದಳು.

ಸಮಿತಿ ಸಭೆ ಸೇರಿ ಕೆರೆ ವಿಹಾರವನ್ನು 'ತಾಂತ್ರಿಕ ಅಧ್ಯಯನ ಮುಗಿಯುವವರೆಗೆ' ಮುಂದೂಡಿತು. ಆದರೆ ಸೀಟು ಸಮಿತಿಯ ಆಸ್ತಿ. ಬಿಚ್ಚಬಾರದು, ಅದಕ್ಕೆ ಮೀನು ಸೋಕಬಾರದು. ತಿಂಗಳ ಮೊದಲ ಭಾನುವಾರ ಅಧ್ಯಕ್ಷರೇ ಬಂದು ಪರೀಕ್ಷಿಸುತ್ತಾರೆ. ಬರುತ್ತಾರೆ ಕೂಡ. ದಂಡೆಯಲ್ಲಿ ನಿಂತು, ದೋಣಿಗೆ ಕಾಲಿಡದೆ, ಬಗ್ಗಿ ರೆಕ್ಸಿನ್ ಮೂಸಿ ನೋಡುತ್ತಾರೆ. ಈವರೆಗೆ ಮೀನಿನ ಒಂದು ಹುರುಪೆಯೂ ಸಿಕ್ಕಿಲ್ಲ.

ಅದಕ್ಕೆ ಕಾರಣ ಉದ್ಘಾಟನೆಯ ದಿನ ಎಲ್ಲರೂ ಹೊರಟ ಮೇಲೆ ನಾನು ಕೇಳಿದ ಒಂದು ಮಾತು.

"ಸಾರ್, ಈ ಫ್ಲೆಕ್ಸ್ ನಾನು ಬಿಚ್ಚಿ ತಗೊಂಡ್ಹೋಗ್ಲಾ? ಗಾಳಿಗೆ ಕೆರೆಗೆ ಬಿದ್ದರೆ ಗಲೀಜು."

ರಾಮಾನುಜ ಅವರಿಗೆ ಆ ದಿನದಲ್ಲಿ ಅದೊಂದೇ ಸಮಾಧಾನದ ಸಂಗತಿ. "ನೋಡು ಕಶ್ಯಪ್, ಇದು ಅರಿವು ಅಂದ್ರೆ. ತಗೊಂಡ್ಹೋಗಪ್ಪಾ, ಏನಾದರೂ ಉಪಯೋಗಕ್ಕೆ ಬರಲಿ."

ಬಂತು. ಆಟೋ ಸೀಟಿಗೆ ಮಳೆಗಾಲದ ಕವರು ಹೊಲಿಯುವ ಹಾಗೆಯೇ ಹೊಲಿದೆ, ಸುತ್ತ ಎಲಾಸ್ಟಿಕ್ಕು, ಎಳೆದು ತೊಡಿಸಿದರೆ ಸೋಫಾಗೆ ಸರಿಯಾಗಿ ಕೂರುತ್ತದೆ. ಚಿತ್ರ ಒಳಗೆ ಬರುವ ಹಾಗೆ ಹೊಲಿಯಬಹುದಿತ್ತು. ಆದರೆ ಫ್ಲೆಕ್ಸಿನ ಹಿಂಬದಿ ಒರಟು, ಮೀನಿನ ಲೋಳೆ ಹಿಡಿದುಕೊಳ್ಳುತ್ತದೆ. ಮುಂಬದಿ ನಯ, ಒಂದು ಚೊಂಬು ನೀರು ಹಾಕಿದರೆ ಜಾರಿಹೋಗುತ್ತದೆ. ನಮ್ಮ ಕೆಲಸದಲ್ಲಿ ಉಪಯೋಗವನ್ನು ನೋಡಬೇಕು.

ಈಗ ದೊಡ್ಡಮ್ಮ ಆ ತುದಿಯಲ್ಲಿ, ದೊಡ್ಡಪ್ಪನ ಗೂಟಗಳ ಹತ್ತಿರ ನಿಂತು ಬಲೆ ಎತ್ತುತ್ತಾಳೆ. ಹಿಡಿದದ್ದನ್ನೆಲ್ಲ ಮುಂದಿನ ಸೋಫಾದ ಮೇಲೆ ಹಾಕುತ್ತಾಳೆ. ಮೊದಲು ಬುಟ್ಟಿಯ ತಳದಲ್ಲಿ ಒಂದರ ಮೇಲೊಂದು ಬಿದ್ದು ನಜ್ಜುಗುಜ್ಜಾಗುತ್ತಿದ್ದ ಮೀನುಗಳು ಈಗ ಫೋಮಿನ ಮೇಲೆ ಮಲಗಿ, ಸಮಿತಿಯವರು ಮರೆತುಹೋದ ಬಿಳಿ ಟವೆಲ್ ಹೊದ್ದುಕೊಂಡು, ಹೊಳೆಯುತ್ತಾ ದಂಡೆಗೆ ಬರುತ್ತವೆ. ದೊಡ್ಡ ಕಾಟ್ಲಾಗಳಿಗೆ ನಡುವಿನ ಜಾಗ. ಗೇಟಿನಲ್ಲಿ ಕಾಯುವವರು ಇಷ್ಟು ಚೆನ್ನಾಗಿರುವ ಮೀನನ್ನು ಈ ಕೆರೆಯಲ್ಲಿ ಹಿಂದೆಂದೂ ನೋಡಿರಲಿಲ್ಲ ಎನ್ನುತ್ತಾರೆ.

ಕಳೆದ ವಾರ ಬೋಲ್ಟು ಬಿಗಿಮಾಡಲು ಬೆಳಿಗ್ಗೆ ಹೋಗಿದ್ದೆ. ದೊಡ್ಡಮ್ಮ ಆಗಷ್ಟೇ ದಂಡೆಗೆ ಬರುತ್ತಿದ್ದಳು. ಕೆರೆ ಸುತ್ತುವ ದಾರಿಯಲ್ಲಿ ಜಾನಕಮ್ಮ ಬಂದರು, ಒಬ್ಬರೇ, ಹೆಗಲಿಗೆ ಚೀಲ ಇಲ್ಲದೆ. ದೋಣಿಯ ಹತ್ತಿರ ನಿಂತು ನೋಡಿದರು. ನಾನು ಕವರನ್ನು ಮುಚ್ಚಲು ಟವೆಲಿಗೆ ಕೈ ಹಾಕುವಷ್ಟರಲ್ಲಿ ತಡವಾಗಿತ್ತು. ಸೀಟಿನ ಬಲಕ್ಕೆ ವೃಷಭೇಂದ್ರಪ್ಪ, ಅವರ ಮೇಲೆ ಒಂದು ರಾಶಿ ರೋಹು. ಎಡಕ್ಕೆ ರಾಮಾನುಜರ ನಗು, ಅದಕ್ಕೆ ಅಡ್ಡವಾಗಿ ಮೂರು ಕೆಜಿಯ ಒಂದು ಕಾಟ್ಲಾ, ಇನ್ನೂ ಬಾಲ ಬಡಿಯುತ್ತಿತ್ತು.

ದೊಡ್ಡಮ್ಮ ಗಳ ಹಿಡಿದು ನಿಂತೇ ಇದ್ದಳು. ಪಾಸು ಇರುವುದು ಒಂದು ವರ್ಷಕ್ಕೆ. ಮುಂದಿನ ವರ್ಷ ಮತ್ತೆ ಅದೇ ಕಾಗದ, ಅದೇ ಸೈನು.

ಜಾನಕಮ್ಮ ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು, ಬಗ್ಗಿ ಗಂಡನ ಮುಖವನ್ನು ಚೆನ್ನಾಗಿ ನೋಡಿದರು.

"ಇನ್ನೊಂದು ಹಾಕಮ್ಮಾ," ಅಂದರು. "ಕಣ್ಣು ಇನ್ನೂ ಕಾಣ್ತಿದೆ."